ಸೀಸದ ಮುದ್ರೆಯಲ್ಲಿ ಮೊದಲು ಅಂಕಿ ಹುಡುಕಿ

ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಕಾಲದ ಸೀಸದ ಮುದ್ರೆಯ ಫೋಟೊ ಹಾಕಿ, "ಮಾರುವವರು ಇದು ಕೊಮ್ಮೆರ್ಕಿಯಾರಿಯೋಸ್ ಎಂಬ ವ್ಯಾಪಾರದ ಅಧಿಕಾರಿಯದು ಅಂತಾರೆ, ಅವನ ಹೆಸರು, ಪ್ರಾಂತ್ಯ ಹೇಗೆ ಪತ್ತೆ ಮಾಡೋದು" ಅಂತ ಕೇಳಿದ್ದೀರಿ ಸರ್. ಹೆಸರಿನ ಬೆನ್ನು ಹತ್ತುವ ಮೊದಲು ದೊರೆಯ ಚಿತ್ರದ ಅಕ್ಕಪಕ್ಕ ನೋಡಿ. ಅಲ್ಲಿ ಒಂದೆರಡು ಗ್ರೀಕ್ ಅಕ್ಷರ ಬಿಡಿಯಾಗಿ ನಿಂತಿದ್ದರೆ ಅದು ಇಂಡಿಕ್ಷನ್ ವರ್ಷ; ಗ್ರೀಕರಲ್ಲಿ ಅಕ್ಷರಗಳೇ ಅಂಕಿಗಳು. ಸೆಪ್ಟೆಂಬರ್ 1ಕ್ಕೆ ಶುರುವಾಗಿ, 15 ಮುಗಿದ ಮೇಲೆ ಮತ್ತೆ ಒಂದರಿಂದ ಎಣಿಸುವ ತೆರಿಗೆ ಲೆಕ್ಕ. ನಮ್ಮ ಶಾಸನಗಳ ಸಂವತ್ಸರದ ಹೆಸರಿನ ಹಾಗೇ, ಅದೊಂದೇ ಸಾಲದು. ಆಳುತ್ತಿದ್ದವರು ಯಾರೆಂದೂ ಗೊತ್ತಾಗಬೇಕು.

ಇಂಗ್ಲಿಷಿನ 'ಎಚ್' ತರಹ ಕಂಡರೆ ಅದು ಈಟಾ, ಅಂದರೆ 8. 8ನೇ ಇಂಡಿಕ್ಷನ್ 679–80ರಲ್ಲಿ ಬರುತ್ತೆ, 694–95ರಲ್ಲಿ ಬರುತ್ತೆ, 709–10ರಲ್ಲೂ ಬರುತ್ತೆ. ಮೊದಲನೆಯದು 4ನೇ ಕಾನ್‌ಸ್ಟಂಟೈನ್ ಕಾಲ. ಉಳಿದೆರಡೂ 2ನೇ ಜಸ್ಟಿನಿಯನ್‌ದೇ. ನಡುವೆ ಪಟ್ಟ ಕಳೆದುಕೊಂಡು, ಮೂಗು ಕೊಯ್ಸಿಕೊಂಡು, ಗಡೀಪಾರಾಗಿ ಮರಳಿ ಬಂದ ಪುಣ್ಯಾತ್ಮ! ಇಬ್ಬರ ಚಿನ್ನದ ನಾಣ್ಯಗಳ ಚಿತ್ರ ಪಕ್ಕಕ್ಕಿಟ್ಟು ಮುಖ, ಗಡ್ಡ ಹೋಲಿಸಿ.

ಆಮೇಲೆ ಬರಹ. 'ಪಿ'ಯಂತೆ ಕಾಣೋದು 'ರ', 'ಸಿ'ಯಂತೆ ಕಾಣೋದು 'ಸ'. ನಾನೂ ಮೊದಮೊದಲು ಇಲ್ಲೇ ಎಡವಿದ್ದೆ. ಹೆಸರಿನ ಕೊನೆಗೆ 'ಊ' ಇದ್ದರೆ ಅದು ನಮ್ಮ ಷಷ್ಠಿ ವಿಭಕ್ತಿ: ಗೆಯೋರ್ಗಿಯೂ ಅಂದರೆ ಗೆಯೋರ್ಗಿಯೋಸನ. 'ಅಪೊ ಹ್ಯುಪಾತೋನ್' ಅನ್ನೋದು ಹೆಸರಲ್ಲ, ಮಾಜಿ ಕಾನ್ಸಲ್ (ರೋಮಿನ ಹಳೆಯ ಉನ್ನತ ಪದವಿ) ಎಂಬ ಬಿರುದು. 'ಅಪೊಥೆಕೆ' ಎಂದರೆ ಉಗ್ರಾಣ; ಯಾವ ಪ್ರಾಂತ್ಯದ ಉಗ್ರಾಣ ಅನ್ನೋದು ಅದರ ಜೊತೆಗೇ ಇರುತ್ತೆ. ಹಾಗಂತ ಅಧಿಕಾರಿ ಆ ಊರಿನವನು ಅಂದುಕೊಳ್ಳಬೇಡಿ. 694–95ರ ಗೆಯೋರ್ಗಿಯೋಸ್ ಒಬ್ಬನೇ ಏಷ್ಯಾ ಮೈನರ್‌ನ ಹಲವು ಪ್ರಾಂತ್ಯಗಳ ಮುದ್ರೆಗಳಲ್ಲಿ ಸಿಗುತ್ತಾನೆ, ಸ್ಲಾವ್ ಗುಲಾಮರ ಉಲ್ಲೇಖದ ಸಮೇತ.

730ರ ಸುಮಾರಿನಿಂದ 'ಬಸಿಲಿಕಾ ಕೊಮ್ಮೆರ್ಕಿಯಾ' (ದೊರೆಯ ವ್ಯಾಪಾರ ಇಲಾಖೆ) ಎಂಬ ಮುದ್ರೆಗಳು ಬರುತ್ತವೆ. ಅವುಗಳಲ್ಲಿ ಇಲಾಖೆ ಮತ್ತು ಪ್ರಾಂತ್ಯ ಮಾತ್ರ, ಮನುಷ್ಯನ ಹೆಸರು ಹುಡುಕಿ ಸುಸ್ತಾಗಬೇಡಿ. "ರೇಷ್ಮೆ ವ್ಯಾಪಾರದ ಮುದ್ರೆ" ಅಂತ ಬೆಲೆ ಏರಿಸಿದರೆ ನಂಬಬೇಡಿ. ಈ ಉಗ್ರಾಣಗಳು ರೇಷ್ಮೆಗೋ ಸೈನ್ಯದ ಸಾಮಗ್ರಿಗೋ ಎಂಬ ವಾದ ವಿದ್ವಾಂಸರಲ್ಲೇ ಮುಗಿದಿಲ್ಲ. ಟರ್ಕಿಯಿಂದ ಪುರಾತನ ವಸ್ತು ಹೊರಗೆ ಸಾಗಿಸುವುದು ಅಪರಾಧ, ಎಲ್ಲಿಂದ ಬಂತೆಂಬ ಕಾಗದ ಮೊದಲು ಕೇಳಿ.

ಕೈಗೆ ಬಂದರೆ ಹುಣಸೆಹಣ್ಣು, ವಿನೆಗರ್, ತಂತಿ ಬ್ರಷ್ ಯಾವುದೂ ಬೇಡ. ಬಿಳಿ ಪುಡಿ ಕಂಡರೆ ಸೀಸ ತಿನ್ನಿಸಿಕೊಳ್ಳುತ್ತಿದೆ ಅಂತ ಅರ್ಥ. ಮರದ ಪೆಟ್ಟಿಗೆಯಿಂದ ತೆಗೆದಿಡಿ, ಮುಟ್ಟಿದ ಮೇಲೆ ಕೈ ತೊಳೀರಿ. ನೀವು ಹಾಕಿರೋ ಫೋಟೊದಲ್ಲಿ ಬೆಳಕು ಎದುರಿನಿಂದ ಬಿದ್ದು ಅಕ್ಷರಗಳೆಲ್ಲ ಮಾಯ. ಟಾರ್ಚ್ ಪಕ್ಕದಿಂದ ಹಿಡಿಸಿ, ಎರಡೂ ಬದಿ ತೆಗೆಸಿ ಹಾಕಿ. ಆದರೂ ಎಡಭಾಗದ ಅಕ್ಷರ ನನಗೆ ಈಟಾ ಥರ ಕಾಣ್ತಿದೆ.