ಆಧಾರ್ ಜೆರಾಕ್ಸ್ ಎಲ್ಲೆಲ್ಲೋ ಕೊಟ್ಟಿದ್ದೇನೆ, ದುರುಪಯೋಗ ಆಗದ ಹಾಗೆ ಈಗ ಏನು ಮಾಡಬಹುದು?

ಲಾಡ್ಜಲ್ಲೋ ಸಿಮ್ ಅಂಗಡಿಯಲ್ಲೋ ಕೊಟ್ಟ ಜೆರಾಕ್ಸ್ ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ಆಧಾರ್‌ನಲ್ಲಿರುವ ನಿಮ್ಮ ಬೆರಳಚ್ಚು ಲಾಕ್ ಮಾಡಿ, ಜನ ಜಾಸ್ತಿ ಮರೆಯುವುದು ಇದನ್ನೇ. ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು ಇಷ್ಟು ಸಿಕ್ಕರೆ ಎಇಪಿಎಸ್ (ಆಧಾರ್ ಬಳಸಿ ಬ್ಯಾಂಕ್ ದುಡ್ಡು ತೆಗೆಯುವ ವ್ಯವಸ್ಥೆ) ಮೂಲಕ ಒಟಿಪಿ ಇಲ್ಲದೆಯೇ ನಿಮ್ಮ ಖಾತೆಯಿಂದ ದುಡ್ಡು ತೆಗೆಯಬಹುದು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರಿಗೆ ಹೀಗೇ ಆಯಿತು, ಪತ್ರದ ಮೇಲಿದ್ದ ಹೆಬ್ಬೆಟ್ಟಿನ ಗುರುತೇ ಕಳ್ಳರಿಗೆ ಸಾಕಾಯಿತು.

ಲಾಕ್ ಮಾಡುವುದು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ವೆಬ್‌ಸೈಟಿನಲ್ಲಿ, ಉಚಿತ. ನಮ್ಮ ಅಮ್ಮನಿಗೆ ನಾನೇ ಕೂತು ಮಾಡಿಕೊಟ್ಟೆ. ಆಮೇಲೆ ರೇಷನ್ ಅಂಗಡಿಯಲ್ಲಿ ಮಿಷನ್ ಅವರ ಬೆರಳು ತಗೊಳ್ಳಲಿಲ್ಲ, ಗಾಬರಿಯಿಂದ ಫೋನ್ ಮಾಡಿದರು, ಅನ್‌ಲಾಕ್ ಮಾಡಿದ ಮೇಲೆ ಅಕ್ಕಿ ಸಿಕ್ಕಿತು. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿ, ನಿಮ್ಮದಲ್ಲದ ನಂಬರ್ ಇದ್ದರೆ ಅಲ್ಲೇ ದೂರು ಕೊಡಿ. ನೀವು ತೆಗೆದುಕೊಳ್ಳದ ಸಾಲ ಇದೆಯಾ ಅಂತ ಸಿಬಿಲ್ ರಿಪೋರ್ಟೂ (ನಿಮ್ಮ ಹೆಸರಿನ ಸಾಲಗಳ ದಾಖಲೆ) ತೆಗೆಸಿ, ವರ್ಷಕ್ಕೊಮ್ಮೆ ಉಚಿತ.

ಇನ್ನು ಮುಂದೆ ಸುಮ್ನೆ ಪೂರ್ತಿ ಆಧಾರ್ ಕೊಡಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದುಡ್ಡು ಹೋಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.