ಗೋಲ್ಡ್‌ಬರ್ಗ್ ವೇರಿಯೇಶನ್ಸ್: ಕೈಗೆ ಕೈ ತಾಗಿ ಸ್ವರ ತಪ್ಪುವುದಕ್ಕೆ

ಜರ್ಮನ್ ಸಂಗೀತ ರಚನೆಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಕೃತಿಯ 8ನೇ ವೇರಿಯೇಶನ್ (ಮೂಲ ರಚನೆಯ ಒಂದು ರೂಪಾಂತರ) ನುಡಿಸುವಾಗ ಪಿಯಾನೋ ಮೇಲೆ ಎರಡೂ ಕೈ ತಾಗಿ ಸ್ವರಗಳು ಕಾಣೆಯಾಗುತ್ತವೆ ಎಂದು ಕೇಳಿದ್ದೀರಿ. ತಪ್ಪು ನಿಮ್ಮ ಬೆರಳಿನದಲ್ಲ. 1741ರಲ್ಲಿ ಅಚ್ಚಾದ ಪ್ರತಿಯಲ್ಲೇ ಬಾಖ್ ಇದಕ್ಕೆ ಎರಡು ಕೀಬೋರ್ಡ್ ಎಂದು ಸೂಚಿಸಿದ್ದಾನೆ. ಎರಡು ಕೀಬೋರ್ಡಿನ ಹಾರ್ಪ್ಸಿಕಾರ್ಡಿನಲ್ಲಿ (ಪಿಯಾನೋಗಿಂತ ಹಳೆಯ ಕೀ ವಾದ್ಯ) ಕೀಗಳ ಸಾಲು ಮೇಲೊಂದು, ಕೆಳಗೊಂದು ಇರುವುದರಿಂದ ಕೈಗಳು ಧಾರಾಳವಾಗಿ ದಾಟಿಹೋಗುತ್ತವೆ; ಪಿಯಾನೋದಲ್ಲಿ ಇರುವುದು ಒಂದೇ ಸಾಲು. 11, 14, 17, 20, 23ರಲ್ಲೂ ಇದೇ ಪಾಡು.

ಮೊದಲು ಪೆನ್ಸಿಲ್ ಹಿಡಿದು, ಕೈಗಳು ದಾಟುವ ಪ್ರತಿ ಜಾಗದಲ್ಲೂ ಯಾವ ಕೈ ಮೇಲೆ ಎಂದು ಗುರುತು ಹಾಕಿ. ಆಮೇಲೆ ಅದನ್ನು ಬದಲಿಸಬೇಡಿ. ದಿನಕ್ಕೊಂದು ರೀತಿ ನುಡಿಸಿದರೆ ಕೈಗೆ ಕೂರುವುದೇ ಇಲ್ಲ. ಮೇಲಿನ ಕೈಯ ಮಣಿಕಟ್ಟು ಎತ್ತರಿಸಿ, ಬೆರಳುಗಳನ್ನು ಕಪ್ಪು ಕೀಗಳ ನಡುವೆ ಒಳಕ್ಕೆ ಚಾಚಿ. ಕೆಳಗಿನ ಕೈ ಬಿಳಿ ಕೀಗಳ ಅಂಚಿನಲ್ಲೇ, ಮಣಿಕಟ್ಟು ತಗ್ಗಿಸಿಕೊಂಡು ಇರಲಿ.

ಸ್ವರ ನುಂಗಿಹೋಗುವುದು ಹೆಚ್ಚಾಗಿ ಎರಡೂ ಕೈಗೆ ಒಂದೇ ಕೀ ಬೇಕಾದಾಗ. ಮೊದಲು ಒತ್ತಿದ ಬೆರಳು ಒತ್ತಿಕೊಂಡೇ ಇದ್ದರೆ ಕೀ ಮೇಲೇಳುವುದಿಲ್ಲ, ಇನ್ನೊಂದು ಕೈಯ ಬೆರಳಿಗೆ ಒತ್ತಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲಿನ ಸ್ವರವನ್ನು ಬರೆದಿರುವ ಅವಧಿಯ ಅರ್ಧಕ್ಕೇ ಬಿಟ್ಟುಬಿಡಿ. ಒಂದೇ ಸ್ವರ ಎರಡೂ ಕೈಗೆ ಒಟ್ಟಿಗೇ ಬಿದ್ದರೆ ಒಂದೇ ಕೈ ಸಾಕು. ಆ ಹೊತ್ತಿಗೆ ಯಾವ ಕೈಯ ಸ್ವರಗಳ ಸಾಲು ಮುಂದೆ ಓಡುತ್ತಿದೆಯೋ ಆ ಕೈ ನುಡಿಸಲಿ.

ಮೆಟ್ರೋನೋಮ್ (ತಾಳದ ಬಡಿತ ಕೊಡುವ ಸಾಧನ) ನಿಮಿಷಕ್ಕೆ 50 ಬಡಿತಕ್ಕಿಟ್ಟು, ಕೈ ದಾಟುವ ಎರಡೆರಡು ಬಾರ್ (ಸ್ವರಲಿಪಿಯ ತಾಳದ ಖಂಡ) ಮಾತ್ರ, ಪೆಡಲ್ ಮುಟ್ಟದೆ ಅಭ್ಯಾಸ ಮಾಡಿ. ಪೆಡಲ್ ಒತ್ತಿದರೆ ತಪ್ಪಿಹೋದ ಸ್ವರ ಕಿವಿಗೇ ಗೊತ್ತಾಗುವುದಿಲ್ಲ.