ಕಾಕಾನ ಟ್ರಂಕಿನ ಕಾಮಿಕ್ಸ್ ಪುಟಕ್ಕೆ ಎಷ್ಟು ಕೇಳಬೇಕು?

ಬೆಳಗಾವಿಗೆ ನನ್ನ ಹೆಸರಿಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಥರದವು. 'ಮನೆಯಲ್ಲಿ ಹಳೇ ಕಾಮಿಕ್ಸ್ ಚಿತ್ರ ಇದೆ, ಎಷ್ಟು ಬರುತ್ತದೆ?' ಅಷ್ಟೇ. ಫೋಟೋ ಇಲ್ಲ, ಅಳತೆ ಇಲ್ಲ, ಬಿಡಿಸಿದವರು ಯಾರು ಅಂತಲೂ ಇಲ್ಲ. ನೀರಲ್ಲಿರೋ ಎಮ್ಮೆಗೆ ವ್ಯಾಪಾರ ಮಾಡು ಅಂದ ಹಾಗಾಯಿತು. ಈ ಸಲ ಒಬ್ಬರು ಮಾತ್ರ ಎಲ್ಲ ಹಾಳೆಗಳ ಫೋಟೋ ಕಳಿಸಿದ್ದಾರೆ. ಜಾಗ ಅವರಿಗೇ.

ಪ್ರಶ್ನೆ: ನಮ್ಮ ಕಾಕಾ ಮುಂಬೈಯಲ್ಲಿ ಕಾಮಿಕ್ಸ್‌ಗೆ ಚಿತ್ರ ಬಿಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅವರು ಕೈಯಾರೆ ಬಿಡಿಸಿದ 31 ಮೂಲ ಹಾಳೆ ಸಿಕ್ಕವು. ಹಳೆಯವು, ಮಡಿಕೆಯೂ ಬಿದ್ದಿದೆ. ಒಬ್ಬ ವ್ಯಾಪಾರಿ ಎಲ್ಲ ಸೇರಿಸಿ ₹15,000ಕ್ಕೆ ಕೇಳುತ್ತಿದ್ದಾರೆ. ಹೊರದೇಶದಲ್ಲಿ ಒಂದೇ ಪುಟ 25 ಕೋಟಿಗೆ ಹೋಗಿದೆ ಅಂತ ಓದಿದೆ. ನಾನು ಎಷ್ಟು ಹೇಳಲಿ? ಅದಕ್ಕೂ ಮೊದಲು ಲ್ಯಾಮಿನೇಷನ್ ಮಾಡಿಸಲಾ? (ವಿಜಯಪುರ)

ಉತ್ತರ: ಲ್ಯಾಮಿನೇಷನ್ ಬೇಡ. ಬೇಡವೇ ಬೇಡ. ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ತೆಗೆಯಲು ಬರುವುದಿಲ್ಲ. ಇಂಥ ಹಾಳೆ ಕೊಳ್ಳುವವನು ನೋಡುವುದೇ ಕಾಗದದ ಮೇಲೆ ಕುಳಿತ ಶಾಯಿಯನ್ನು, ಅದರಡಿ ಉಳಿದ ಪೆನ್ಸಿಲ್ ಗೆರೆಯನ್ನು, ತಪ್ಪು ತಿದ್ದಲು ಹಚ್ಚಿದ ಬಿಳಿ ಬಣ್ಣವನ್ನು. ಅಂಚಿನಲ್ಲಿ ಗೀಚಿದ ಪುಟಸಂಖ್ಯೆ ಇದ್ದರೆ ಇನ್ನೂ ಖುಷಿ. ಇದನ್ನೆಲ್ಲ 'ಕ್ಲೀನ್' ಮಾಡಿಸಿ ಕೊಡುತ್ತೇನೆ ಅನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಸೆಲ್ಲೋಟೇಪ್ ಕೂಡ ಹಚ್ಚಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ.

ಈಗ ನಿಮ್ಮ 25 ಕೋಟಿ. ಆ ಸುದ್ದಿ ನಿಜ. 2022ರ ಜನವರಿಯಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ 1984ರ 'ಸೀಕ್ರೆಟ್ ವಾರ್ಸ್' 8ನೇ ಸಂಚಿಕೆಯ ಒಂದು ಪುಟ 33.6 ಲಕ್ಷ ಡಾಲರ್‌ಗೆ ಹೋಯಿತು. ಬಿಡಿಸಿದವರು ಮೈಕ್ ಝೆಕ್. ಆದರೆ ಆ ಪುಟದಲ್ಲಿ ಏನಿದೆ ಗೊತ್ತಾ? ಸ್ಪೈಡರ್‌ಮ್ಯಾನ್‌ನ ಮೈಮೇಲೆ ಕಪ್ಪು ಉಡುಪು ಹರಡುವ ಗಳಿಗೆ. ಮುಂದೆ ವೆನಮ್ ಎಂಬ ಖಳ ಹುಟ್ಟಿದ್ದು ಆ ಉಡುಪಿನಿಂದ. ಅದೇ ಪುಸ್ತಕದಲ್ಲಿ ಇಬ್ಬರು ನಿಂತು ಬರೀ ಮಾತಾಡುವ ಪುಟ ಬಂದಿದ್ದರೆ ಈ ದುಡ್ಡಿನ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಇನ್ನೊಂದು ಮಾತು: ಹರಾಜಿನ ಸುದ್ದಿಯಲ್ಲಿ ಬರುವ ಮೊತ್ತದಲ್ಲಿ ಕೊಂಡವನು ಹರಾಜು ಸಂಸ್ಥೆಗೆ ಕೊಡುವ ಶುಲ್ಕವೂ ಸೇರಿರುತ್ತದೆ. ಮಾರಿದವನ ಕೈಗೆ ಅಷ್ಟು ಬರುವುದಿಲ್ಲ.

ಹಾಳೆ ಹಳೆಯದು, ಮಡಿಕೆ ಬಿದ್ದಿದೆ ಅಂತ ನೀವು ಬರೆದ ಚಿಂತೆಗೂ ಇಲ್ಲೇ ಉತ್ತರ ಇದೆ. ಟಿನ್‌ಟಿನ್ ಕಾಮಿಕ್ಸ್‌ನ 'ದಿ ಬ್ಲೂ ಲೋಟಸ್' ಪುಸ್ತಕದ ಮುಖಪುಟಕ್ಕೆಂದು ಅದರ ಕಲಾವಿದ ಎರ್ಜೆ 1936ರಲ್ಲಿ ಒಂದು ಚಿತ್ರ ಬಿಡಿಸಿದ್ದರು. ಅಚ್ಚು ಹಾಕಿಸಲು ದುಬಾರಿ ಅಂತ ಅದು ಬಳಕೆಯಾಗಲಿಲ್ಲ. ಪ್ರಕಾಶಕರ ಮಗ ಅದನ್ನು ಮಡಚಿ ಡ್ರಾಯರ್‌ಗೆ ಹಾಕಿದ್ದ ಅಂತ ಕಥೆ. ಮಡಿಕೆಯ ಗೆರೆಗಳು ಇವತ್ತಿಗೂ ಎದ್ದು ಕಾಣುತ್ತವೆ. 2021ರಲ್ಲಿ ಪ್ಯಾರಿಸ್‌ನಲ್ಲಿ ಅದು ಸುಮಾರು 32 ಲಕ್ಷ ಯೂರೋಗೆ ಹೋಯಿತು. ಮಡಿಕೆ ಇರಲಿ ಬಿಡಿ. ಅದನ್ನು ಇಸ್ತ್ರಿ ಪೆಟ್ಟಿಗೆಯಿಂದ ತೆಗೆಯಲು ಹೋಗಬೇಡಿ.

ನಿಮ್ಮ ಕಾಕಾ ಎರ್ಜೆ ಅಲ್ಲ. ಹಾಗಂತ ಹಾಳೆಗಳು ರದ್ದಿಯೂ ಅಲ್ಲ. ಎಲ್ಲವನ್ನೂ ಮಂಚದ ಮೇಲೆ ಹರಡಿ, ವಿಂಗಡಿಸಿ. ಫೋಟೋಗಳಲ್ಲಿ ನನಗೆ ಕಂಡಿದ್ದು ಇಷ್ಟು: ಮುಖಪುಟ 2, ಇಡೀ ಪುಟಕ್ಕೆ ಒಂದೇ ಚಿತ್ರ ಇರುವವು 3, ನಾಯಕ ದೊಡ್ಡದಾಗಿ ಹೊಡೆದಾಡುವವು 9, ಉಳಿದ 17 ಮಾತುಕತೆಯ ಪುಟಗಳು. ಈ ನಾಲ್ಕು ಗುಂಪಿಗೆ ಒಂದೇ ಬೆಲೆ ಹೇಳುವುದು ಆಪೂಸು ಮತ್ತು ಉಪ್ಪಿನಕಾಯಿ ಮಾವನ್ನು ಒಂದೇ ಬುಟ್ಟಿಯಲ್ಲಿ ತೂಗಿದಂತೆ.

ಬೆಲೆ ಕಟ್ಟಲು ಸರಿಯಾದ ದಾರಿ ಒಂದೇ: ಅದೇ ಕಲಾವಿದರ ಬೇರೆ ಪುಟ ಹಿಂದೆ ಎಷ್ಟಕ್ಕೆ ಹೋಯಿತು ಎಂದು ನೋಡುವುದು. ಎಷ್ಟಕ್ಕೆ *ಇಟ್ಟಿದ್ದಾರೆ* ಅಂತಲ್ಲ, ಎಷ್ಟಕ್ಕೆ *ಹೋಯಿತು* ಅಂತ. ಅಂತರ್ಜಾಲದಲ್ಲಿ ಎರಡು ಲಕ್ಷ ಅಂತ ಬರೆದು ಐದು ವರ್ಷದಿಂದ ಕೂತವರೂ ಇದ್ದಾರೆ. ನಿಮ್ಮ ಕಾಕಾನ ಪುಟ ಎಲ್ಲೂ ಮಾರಾಟವಾದಂತೆ ಕಾಣುವುದಿಲ್ಲ. ಆಗ ಸಾದಾ ಪುಟಕ್ಕೆ ಒಂದು ದರ ಹಿಡಿದು ಮೇಲಕ್ಕೆ ಹೋಗಬೇಕು. ಲೆಕ್ಕಕ್ಕೆ ₹4,000 ಅನ್ನಿ. ನಾನಾದರೆ ಹೊಡೆದಾಟದ ಪುಟಕ್ಕೆ ₹8,000, ಇಡೀ ಪುಟದ ಚಿತ್ರಕ್ಕೆ ₹12,000, ಮುಖಪುಟಕ್ಕೆ ₹30,000 ಹೇಳುತ್ತೇನೆ. ಕೂಡಿದರೆ ₹2,36,000. ಆ ವ್ಯಾಪಾರಿ ಕೇಳಿದ್ದು ಹಾಳೆಗೆ 500 ರೂಪಾಯಿಯೂ ಬೀಳುವುದಿಲ್ಲ. ಇದು ಪೇಟೆ ದರವಲ್ಲ, ನನ್ನ ಪದ್ಧತಿ. ಇಷ್ಟೂ ದುಡ್ಡು ನಾಳೆ ಬರುತ್ತದೆ ಅಂತ ಸಾಲ ಮಾಡಬೇಡಿ. ಮೊದಲು ನಾಲ್ಕೈದು ಸಾದಾ ಪುಟ ಹೊರಗೆ ಬಿಡಿ. ಒಂದೇ ವಾರದಲ್ಲಿ ಎಲ್ಲ ಹೋದರೆ ನೀವು ಕಡಿಮೆ ಹೇಳಿದ್ದೀರಿ ಎಂದರ್ಥ. ಆರು ತಿಂಗಳಾದರೂ ಯಾರೂ ಕೇಳದಿದ್ದರೆ ಇಳಿಸಿ. ಮುಖಪುಟ ಕೊನೆಗೆ.

ಈ ಪುಟಗಳು ಅಚ್ಚಾದ ಪುಸ್ತಕ ಹುಡುಕಿ. ರದ್ದಿ ಅಂಗಡಿಯಲ್ಲಾದರೂ ಸರಿ. ಪುಟದ ಪಕ್ಕ ಅದೇ ಸಂಚಿಕೆ ಇಟ್ಟು ತೋರಿಸಿದರೆ ಯಾವ ಸರ್ಟಿಫಿಕೇಟೂ ಬೇಡ. ಪೆನ್ಸಿಲ್ ಕೆಲಸ ಒಬ್ಬರದು, ಶಾಯಿ ಇನ್ನೊಬ್ಬರದು ಆಗಿರಬಹುದು. ಕಾಕಾ ಯಾವುದು ಮಾಡಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ.

ಎಲ್ಲ ಸೇರಿಸಿ 'ಲಾಟ್' ಕೊಡುವ ಆಸೆ ನನಗೂ ಇತ್ತು. ಈ ಕೆಲಸಕ್ಕಿಳಿದ ಹೊಸದರಲ್ಲಿ 18 ಪುಟಗಳನ್ನು ಗುಂಡಗುತ್ತಿಗೆ ಕೊಟ್ಟೆ. ಬಂದವನು ಒಂದೊಂದೇ ತಿರುವುತ್ತಾ ಹೋದ. ಮೂರನೇ ಹಾಳೆಗೆ ಕೈ ನಿಂತಿತು. ಏನೂ ಹೇಳಲಿಲ್ಲ. ಎಂಟನೆಯದನ್ನು ಎತ್ತಿ ಹೊಗಳಿದ. ನಾನೂ ಅದೇ ಒಳ್ಳೆಯದು ಅಂದುಕೊಂಡೆ. ಮೂರನೆಯದು ನಾಯಕ ಕಥೆಯೊಳಗೆ ಮೊದಲು ಕಾಲಿಟ್ಟ ಪುಟ ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ₹15,000 ಹೇಳಿದ ವ್ಯಾಪಾರಿ ನಿಮ್ಮ ಮನೆಗೆ ಮತ್ತೆ ಬಂದರೆ ಅವರ ಮಾತು ಕೇಳಬೇಡಿ, ಕೈ ಎಲ್ಲಿ ನಿಲ್ಲುತ್ತದೆ ನೋಡಿ.

ಕಾನೂನಿನದು ಎರಡೇ ಮಾತು. ಹಾಳೆ ಮಾರಿದರೆ ಹಾಳೆ ಮಾತ್ರ ಹೋಗುತ್ತದೆ, ಹಕ್ಕುಸ್ವಾಮ್ಯ ಹೋಗುವುದಿಲ್ಲ. ಕೊಂಡವನು ಅದನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕುವಂತಿಲ್ಲ. ರಸೀದಿಯಲ್ಲೇ ಬರೆಯಿರಿ. ಎರಡನೆಯದು, 1957ರ ಹಕ್ಕುಸ್ವಾಮ್ಯ ಕಾಯ್ದೆಯ 53ಎ ಕಲಂ. ಮೂಲ ಚಿತ್ರ ಮುಂದೆ ₹10,000ಕ್ಕಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಪಾಲು ಕೇಳುವ ಹಕ್ಕಿದೆ, ಹೆಚ್ಚೆಂದರೆ ಶೇ. 10. ಆದರೆ ಹಕ್ಕುಸ್ವಾಮ್ಯದ ಮೊದಲ ಒಡೆಯರು ಕಲಾವಿದರೇ ಆಗಿದ್ದರೆ ಮಾತ್ರ. ಕಾಕಾ ಸಂಬಳಕ್ಕಿದ್ದರೆ ಲೆಕ್ಕ ಬೇರೆ. ಟ್ರಂಕಿನಲ್ಲಿ ಹಳೇ ಪತ್ರ, ಪಾವತಿ ಚೀಟಿ ಇದ್ದರೆ ಎಸೆಯಬೇಡಿ, ವಕೀಲರಿಗೆ ತೋರಿಸಿ.

ನನಗೆ ತೋರಿಸಲು ತರುವುದಾದರೆ ಮಳೆಗಾಲ ಮುಗಿಯಲಿ. ನಿಮ್ಮ ಊರಿನ ಒಣ ಹವೆಯಲ್ಲಿ ಇಷ್ಟು ವರ್ಷ ಉಳಿದ ಕಾಗದಕ್ಕೆ ನಮ್ಮ ಬೆಳಗಾವಿಯ ಜುಲೈ ಒಂದೇ ತಿಂಗಳಲ್ಲಿ ಬೂಸ್ಟು ಹಿಡಿಸುತ್ತದೆ.

ಪ್ರಶ್ನೆ: ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಒರಿಜಿನಲ್ ಪುಟ, ಕನ್ನಡ ಮಾತುಗಳ ಸಹಿತ, ₹40,000ಕ್ಕೆ ಸಿಗುತ್ತಿದೆ. ಕೊಳ್ಳಲಾ? (ಬಾಗಲಕೋಟೆ, ನವನಗರ)

ಉತ್ತರ: ಇಂದ್ರಜಾಲ 1964ರಿಂದ 1990ರವರೆಗೆ ಬಂತು. ಒಳಗಿನ ಫ್ಯಾಂಟಮ್ ಕಥೆಗಳು ಅಮೆರಿಕದ ಪತ್ರಿಕೆಗಳಿಗೆಂದು ಬಿಡಿಸಿದವು. ಅವುಗಳ ಮೂಲ ಹಾಳೆಯಲ್ಲಿ ಕನ್ನಡ ಎಲ್ಲಿಂದ ಬರಬೇಕು? ಇಲ್ಲಿನವರು ಬಿಡಿಸಿದ್ದು ಬೇಕಿದ್ದರೆ 1976ರಲ್ಲಿ ಶುರುವಾದ 'ಬಹಾದೂರ್' ಪುಟ ಹುಡುಕಿ. ಯಾವ ಪುಟವಾದರೂ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ನೋಡಿ. ಸಾಲು ಸಾಲು ಚುಕ್ಕೆ ಕಂಡರೆ ಅದು ಅಚ್ಚಿನ ಹಾಳೆ.

ಪ್ರಶ್ನೆ: ನಾನು ಟ್ಯಾಬ್‌ನಲ್ಲಿ ಕಾಮಿಕ್ಸ್ ಬಿಡಿಸುತ್ತೇನೆ. ಪ್ರಿಂಟ್ ತೆಗೆದು ಒರಿಜಿನಲ್ ಅಂತ ಮಾರಬಹುದಾ? (ಜಮಖಂಡಿ)

ಉತ್ತರ: ಇಲ್ಲ. ಪ್ರಿಂಟ್ ಅಂತಲೇ ಮಾರಿ, ಸಹಿ ಹಾಕಿ, ಎಷ್ಟು ಪ್ರತಿ ತೆಗೆದಿರಿ ಅಂತ ಬರೆಯಿರಿ.

ಪ್ರಶ್ನೆ: ಒಂದು ಪುಟಕ್ಕೆ ನನಗೆ 14 ಗಂಟೆ ಹಿಡಿಯುತ್ತದೆ. ಗಂಟೆಗೆ ಎಷ್ಟು ಹಿಡಿಯಲಿ? (ಬೆಳಗಾವಿ, ಶಹಾಪುರ)

ಉತ್ತರ: ಆ ಲೆಕ್ಕ ಪ್ರಕಾಶಕರ ಹತ್ತಿರ ಹೇಳಿ. ಪುಟ ಕೊಳ್ಳುವವನಿಗೆ ನಿಮ್ಮ ಗಂಟೆ ಬೇಕಿಲ್ಲ.

ಪ್ರಶ್ನೆ: ಹೊಸ ಹಾಳೆಗೆ ಚಹಾ ನೀರು ಹಚ್ಚಿದರೆ ಹಳೆಯದರಂತೆ ಕಾಣುತ್ತದಂತೆ. ಬೆಲೆ ಜಾಸ್ತಿ ಬರುತ್ತದಾ? (ಗೋಕಾಕ)

ಉತ್ತರ: ಇದಕ್ಕೆ ಮೋಸ ಅಂತಾರೆ. ಪತ್ರದ ಕೆಳಗೆ ನಿಮ್ಮ ಫೋನ್ ನಂಬರ್ ಬರೆದಿದ್ದೀರಿ, ನೆನಪಿರಲಿ.